ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಇದ್ದ ಅಂಗಳಕ್ಕೊಂದು ಗುರುತು ಬೇಕು: ತಾಂತ್ರಿಕ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ತಾಂತ್ರಿಕ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಪ್ರಾಂಶುಪಾಲರಿಗೆ ಮತ್ತು ಮೇಷ್ಟ್ರುಗಳಿಗೆ, ಅಲ್ಲಿ ಈಗ ಓದುತ್ತಿರುವ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ಬೆಂಗಳೂರಿನ ಕೆ.ಆರ್. ವೃತ್ತದಿಂದ ಶೇಷಾದ್ರಿ ರಸ್ತೆ ಹಿಡಿದು ನಡೆಯುವಾಗ ನಾನು ಪ್ರತಿ ಸಲ ಪಾಲಿಟೆಕ್ನಿಕ್ ಗೇಟಿನ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ. ಒಳಗೆ ನನಗೇನೂ ಕೆಲಸ ಇರುವುದಿಲ್ಲ. ನಾನು ಅಲ್ಲಿ ಓದಿದವನೂ ಅಲ್ಲ. ಆದರೂ ಕಾಲು ತಾನಾಗಿ ನಿಧಾನವಾಗುತ್ತದೆ. ಒಂದು ದಿನ ಜೊತೆಗಿದ್ದ ಮೊಮ್ಮಗಳು ಕೇಳಿದಳು, ಇಲ್ಲಿ ಏನಿದೆ ತಾತ ಅಂತ. ಹೇಳಲು ಶುರು ಮಾಡಿದೆ. ಮನೆ ಸೇರುವವರೆಗೂ ಹೇಳುತ್ತಲೇ ಇದ್ದೆ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಬರೆಯುತ್ತಿದ್ದೇನೆ. ಕೊನೆಗೆ ಒಂದು ಬೇಡಿಕೆ ಇದೆ.

1943ರಲ್ಲಿ ಇಲ್ಲಿ ಶುರುವಾದ ಶಾಲೆಯ ಹೆಸರು ಪಾಲಿಟೆಕ್ನಿಕ್ ಅಲ್ಲ. ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಕನ್ನಡದಲ್ಲಿ ಹೇಳಬೇಕು ಅಂದರೆ ಕಸುಬಿನ ಶಾಲೆ. ಅದರ ಹಿಂದೆ ಇದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಇದೇ ವೃತ್ತದಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿಸಿದವರೂ ಅವರೇ. ಎಂಜಿನಿಯರ್ ಬಂದರೆ ಸಾಲದು, ಅವನು ಬರೆದ ನಕ್ಷೆಯನ್ನು ಕಬ್ಬಿಣದಲ್ಲಿ, ಮರದಲ್ಲಿ, ತಂತಿಯಲ್ಲಿ ಮಾಡಿ ತೋರಿಸುವ ಕೈ ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1923ರಿಂದ ಕೆಲವು ವರ್ಷ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೋಡಿಕೊಂಡರು. ಆ ದುಡಿಮೆಗೆ ತಮಗೆ ಬರಬೇಕಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಒಂದು ಶಾಲೆಗೆ ಅದನ್ನು ಹಾಕಿ ಅಂದರು. ಶಾಲೆಗೆ ಇಟ್ಟಿದ್ದು ಅವರ ಹೆಸರನ್ನಲ್ಲ, ಆಗಿನ ಮಹಾರಾಜರ ಹೆಸರನ್ನು. ಹೀಗಾಗಿ ಇವತ್ತು ಆ ಗೇಟಿನ ಮುಂದೆ ನಿಂತವರಿಗೆ ಬೋರ್ಡಿನಲ್ಲಿ ಮಹಾರಾಜರು ಕಾಣುತ್ತಾರೆ, ಹಣ ಬಿಟ್ಟುಕೊಟ್ಟ ಮನುಷ್ಯ ಕಾಣುವುದಿಲ್ಲ. ಅವರಿಗೆ ಅದು ಸರಿಯೇ ಅನಿಸಿರಬೇಕು. ನನಗೆ ಮಾತ್ರ ಅದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ಆ ಶಾಲೆಯಲ್ಲಿ ಒಂದು ವಿಭಾಗ ಇತ್ತು. ಸಿನಿಮಾಟೋಗ್ರಫಿ, ಅದರ ಜೊತೆಗೆ ಶಬ್ದಗ್ರಹಣ. ಕ್ಯಾಮೆರಾ ಹಿಡಿಯುವುದನ್ನು, ಬೆಳಕು ಅಳೆಯುವುದನ್ನು, ಫಿಲ್ಮ್ ತೊಳೆಯುವುದನ್ನು, ದನಿ ಹಿಡಿಯುವುದನ್ನು ಕಲಿಸುವ ವಿಭಾಗ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೆ 17 ವರ್ಷ ಮೊದಲೇ ನಮ್ಮ ಊರಿನಲ್ಲಿ, ಒಂದು ಕಸುಬಿನ ಶಾಲೆಯ ಒಳಗೆ, ಇದನ್ನು ಕಲಿಸುತ್ತಿದ್ದರು. ಇದರಲ್ಲಿ ನನಗೆ ತುಂಬಾ ಹಿಡಿಸುವ ಸಂಗತಿ ಅಂದರೆ, ಕ್ಯಾಮೆರಾ ಕೆಲಸವನ್ನು ಅವರು ಬೇರೆ ಎತ್ತರದಲ್ಲಿ ಕೂರಿಸಲಿಲ್ಲ. ಬೇರೆ ಕಸುಬುಗಳ ಪಕ್ಕದಲ್ಲೇ, ಅದೂ ಒಂದು ಕಸುಬು ಅಂತ ಇಟ್ಟರು.

ಮೈಸೂರಿನ ಒಬ್ಬ ಹುಡುಗ, ಪಿಟೀಲು ಬಲ್ಲವನು, ಆ ಮೊದಲ ವರ್ಷಗಳಲ್ಲಿ ಇಲ್ಲಿಗೆ ಬಂದ. 1946ರಲ್ಲಿ ಡಿಪ್ಲೊಮಾ ಹಿಡಿದು ಬೊಂಬಾಯಿಗೆ ಹೋದ. ಅವರೇ ವಿ.ಕೆ. ಮೂರ್ತಿ. ಹಿಂದಿ ನಿರ್ದೇಶಕ ಗುರುದತ್ ಅವರ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದು ಕಣ್ಣಾಗಿದ್ದವರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಮೇಲಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ನೋಡಿದವರು ಮರೆಯುವುದಿಲ್ಲ. ಅದು ದೊಡ್ಡ ದೀಪದಿಂದ ಬಂದ ಬೆಳಕಲ್ಲ, ಬಿಸಿಲು. ಹೊರಗೊಂದು ದೊಡ್ಡ ಕನ್ನಡಿ ಇಟ್ಟು ಸೂರ್ಯನನ್ನು ಹಿಡಿದು, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿಗೆ ಕೊಟ್ಟು, ಅಲ್ಲಿಂದ ನೆಲಕ್ಕೆ ಇಳಿಸಿದರು. ಎರಡು ಕನ್ನಡಿ, ಸ್ವಲ್ಪ ಧೂಳು, ಮತ್ತು ಬೆಳಕು ಎಲ್ಲಿ ಹೇಗೆ ತಿರುಗುತ್ತದೆ ಅನ್ನುವ ತಿಳಿವಳಿಕೆ. ಆ ಕೆಲಸಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಎಷ್ಟೋ ವರ್ಷಗಳ ನಂತರ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಇನ್ನೊಬ್ಬರು ಕರಾಚಿಯಲ್ಲಿ ಹುಟ್ಟಿ, ದೇಶ ಒಡೆದಾಗ ಮನೆಯವರ ಜೊತೆ ಈ ಕಡೆ ಬಂದವರು. ಗೋವಿಂದ ನಿಹಲಾನಿ. ಅವರೂ ಇದೇ ಅಂಗಳದಲ್ಲಿ ಕಲಿತು 1962ರಲ್ಲಿ ಹೊರಬಂದರು. ಮೂರ್ತಿಯವರ ಬಳಿಯೇ ಸಹಾಯಕರಾಗಿ ದುಡಿದರು. ನಿರ್ದೇಶಕ ಶ್ಯಾಮ್ ಬೆನೆಗಲ್ ಅವರ ಮೊದಮೊದಲ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ಆಮೇಲೆ ತಾವೇ ನಿರ್ದೇಶಕರಾದರು. ಒಂದೇ ಶಾಲೆಯ ಹಳೆಯ ವಿದ್ಯಾರ್ಥಿಯ ಕೈಕೆಳಗೆ ಹೊಸ ವಿದ್ಯಾರ್ಥಿ ಪಳಗಿದ ಈ ನಂಟು ಇದೆಯಲ್ಲ, ಅದು ಕಸುಬಿನ ಶಾಲೆಗಳಲ್ಲಿ ಮಾತ್ರ ಕಾಣುವ ನಂಟು.

ಈಗ ಆ ವಿಭಾಗ ಇಲ್ಲಿಲ್ಲ. ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ. ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅನ್ನುವ ಹೆಸರೂ ಹೋಗಿದೆ. ಪಾಲಿಟೆಕ್ನಿಕ್ ಚೆನ್ನಾಗಿಯೇ ನಡೆಯುತ್ತಿದೆ, ಅದು ಸಂತೋಷದ ವಿಷಯ. ಜಾಗ ಬದಲಾಗುವುದು, ಹೆಸರು ಬದಲಾಗುವುದು ತಪ್ಪಲ್ಲ. ಆದರೆ ಆ ರಸ್ತೆಯಲ್ಲಿ ನಾನು ಮಾತಾಡಿಸಿದ ಎಷ್ಟೋ ಜನರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಮೂರ್ತಿ ಅವರ ಹೆಸರು ಕೇಳಿದವರಿಗೂ ಅವರು ಕಲಿತದ್ದು ಈ ಗೋಡೆಯ ಆಚೆ ಅಂತ ಗೊತ್ತಿರಲಿಲ್ಲ.

ಅದಕ್ಕೇ ಈ ಪತ್ರ. ಆ ಅಂಗಳದಲ್ಲಿ, ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ, ಒಂದು ಸ್ಮಾರಕ ಬೇಕು. ಆದರೆ ಎಂಥ ಸ್ಮಾರಕ ಅನ್ನುವುದರ ಬಗ್ಗೆ ನನಗೆ ಜಾಸ್ತಿ ಮಾತಿದೆ. ಯಾಕೆ ಅಂತ ಹೇಳುತ್ತೇನೆ.

ನಾನು ಫಿಟ್ಟರ್. ಬೇರೊಂದು ಊರಿನ ಕಸುಬಿನ ಶಾಲೆಯಲ್ಲಿ ಎರಡು ವರ್ಷ ಕಲಿತೆ. ಮೊದಲ ವಾರ ನಮಗೆ ಕೊಟ್ಟಿದ್ದು ಒಂದು ಕಬ್ಬಿಣದ ತುಂಡು, ಒಂದು ಅರ, ಮೂಲೆ ನೇರ ಇದೆಯಾ ಅಂತ ನೋಡುವ ಪಟ್ಟಿ, ಅಂದರೆ ಒಂದು ಟ್ರೈಸ್ಕ್ವೇರ್. ತುಂಡನ್ನು ವೈಸ್‌ಗೆ ಕಚ್ಚಿಸಿ ಉಜ್ಜಬೇಕು. ಮೈ ಚಪ್ಪಟೆ ಆಗಬೇಕು, ಮೂಲೆ ನೇರ ಆಗಬೇಕು. ಆಯ್ತು ಸಾರ್ ಅಂತ ತೆಗೆದುಕೊಂಡು ಹೋದರೆ ನಮ್ಮ ಮೇಷ್ಟ್ರು ಅದನ್ನು ಮುಟ್ಟುತ್ತಲೂ ಇರಲಿಲ್ಲ. ನಮ್ಮ ಕೈಯಲ್ಲೇ ಟ್ರೈಸ್ಕ್ವೇರ್ ಇಡಿಸಿ, ಕಿಟಕಿ ಕಡೆ ತಿರುಗಿಸಿ, ಬೆಳಕಿಗೆ ಹಿಡಿ ಅನ್ನುತ್ತಿದ್ದರು. ಪಟ್ಟಿಗೂ ಕಬ್ಬಿಣಕ್ಕೂ ನಡುವೆ ಬೆಳಕಿನ ಗೆರೆ ಕಂಡರೆ ಕೆಲಸ ಇನ್ನೂ ಬಾಕಿ. ಅಷ್ಟೇ. ಬೈಗುಳ ಇಲ್ಲ, ಹೊಗಳಿಕೆ ಇಲ್ಲ. ಆ ಗೆರೆ ಮಾಯವಾಗಲು ನನಗೆ ಒಂಬತ್ತು ದಿನ ಬೇಕಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗಿತ್ತು. ಹತ್ತನೇ ದಿನ ಬೆಳಕಿಗೆ ಹಿಡಿದರೆ ಕತ್ತಲೆ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಕತ್ತಲೆಯನ್ನು ನಾನು ಮತ್ತೆ ನೋಡಿಲ್ಲ.

ಆ ಶಾಲೆ ಈಗ ಇಲ್ಲ. ಕಟ್ಟಡ ಬಿತ್ತು, ಜಾಗಕ್ಕೆ ಮಳಿಗೆಗಳು ಬಂದವು. ಹಳೆಯ ವಿದ್ಯಾರ್ಥಿಗಳು ಓಡಾಡಿ ಕೇಳಿದ ಮೇಲೆ ಮೂಲೆಯಲ್ಲಿ ಒಂದು ಸ್ಮಾರಕ ಆಯಿತು. ನಾನು ಬಸ್ಸು ಹತ್ತಿ ನೋಡಲು ಹೋದೆ. ಕರಿಯ ಕಲ್ಲು, ಹೊಳೆಯುವ ಅಕ್ಷರ. ಯಾರ ಅಧ್ಯಕ್ಷತೆ, ಯಾರ ಉಪಸ್ಥಿತಿ, ಯಾರ ಅಮೃತಹಸ್ತ, ಎಲ್ಲ ಇತ್ತು. ಹತ್ತೊಂಬತ್ತು ಹೆಸರು ಎಣಿಸಿದೆ. ಅದರಲ್ಲಿ ಒಬ್ಬರೂ ಆ ಶಾಲೆಯಲ್ಲಿ ಕಲಿಸಿದವರಲ್ಲ, ಒಬ್ಬರೂ ಕಲಿತವರಲ್ಲ. ಅಲ್ಲಿ ಏನು ಕಲಿಸುತ್ತಿದ್ದರು ಅನ್ನುವ ಒಂದು ಸಾಲೂ ಇರಲಿಲ್ಲ. ಫಿಟ್ಟರ್ ಅನ್ನುವ ಪದವೇ ಇರಲಿಲ್ಲ. ಕಲ್ಲಿನ ಪಕ್ಕದಲ್ಲಿ ಸುಮ್ನೆ ನಿಂತೆ. ಕಣ್ಣಿಗೆ ನೀರು ಬಂತು. ನನ್ನ ಮೇಷ್ಟ್ರು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು.

ದಯವಿಟ್ಟು ಬೆಂಗಳೂರಿನಲ್ಲಿ ಹಾಗೆ ಮಾಡಬೇಡಿ.

ಉದ್ಘಾಟನೆಗೆ ಬರುವವರು ಬರಲಿ, ಅವರಿಗೆ ಹಾರ ಹಾಕಿ. ಕಲ್ಲಿನ ಮೇಲೆ ಮಾತ್ರ ಕಲಿಸಿದವರ ಮತ್ತು ಕಲಿತವರ ಹೆಸರು ಇರಲಿ. ಮೂರ್ತಿ, ನಿಹಲಾನಿ ಇಬ್ಬರ ಹೆಸರು ಹಾಕಿ ಮುಗಿಸುವುದೂ ಬೇಡ. ಅವರು ದೊಡ್ಡವರು, ಅವರನ್ನು ಜಗತ್ತೇ ನೆನೆಯುತ್ತದೆ. ಆದರೆ ಅವರ ಬೆಂಚಿನ ಪಕ್ಕದಲ್ಲಿ ಕೂತಿದ್ದವರು? ಡಾರ್ಕ್‌ರೂಮಿನಲ್ಲಿ ಟ್ರೇ ತೊಳೆದಿಟ್ಟ ಅಟೆಂಡರ್? ಮೊದಲ ಸಲ ಕ್ಯಾಮೆರಾ ಬಿಚ್ಚಿ ತೋರಿಸಿದ ಮೇಷ್ಟ್ರು? ಡಿಪ್ಲೊಮಾ ಮುಗಿಸಿ ಊರಿಗೆ ವಾಪಸ್ ಹೋಗಿ, ಮದುವೆ ಫೋಟೋ ತೆಗೆಯುತ್ತಾ ಮಕ್ಕಳನ್ನು ಸಾಕಿದವರು? ಅವರೆಲ್ಲರ ಹೆಸರು ದಾಖಲಾತಿ ಪುಸ್ತಕದಲ್ಲಿ ಇರಬೇಕು. ಶಾಲೆಗಳಲ್ಲಿ ಆ ದಪ್ಪ ರಿಜಿಸ್ಟರ್‌ಗಳನ್ನು ಬೀರುವಿನಲ್ಲಿ ಇಟ್ಟಿರುತ್ತಾರೆ, ಗೆದ್ದಲು ಹತ್ತುವವರೆಗೆ ಯಾರೂ ತೆರೆಯುವುದಿಲ್ಲ. ಸ್ಮಾರಕದ ಕೆಲಸ ಅಲ್ಲಿಂದ ಶುರುವಾಗಲಿ. ಮೊದಲು ಅವನ್ನು ಹೊರಗೆ ತೆಗೆಯಿರಿ, ಸ್ಕ್ಯಾನ್ ಮಾಡಿಸಿ, ಆಮೇಲೆ ಕಲ್ಲಿನ ಮಾತು. ಕಲ್ಲಿಗೆ ಅವಸರ ಇಲ್ಲ, ಕಾಗದಕ್ಕೆ ಇದೆ. ಇನ್ನೂ ಅವಸರ ಇರುವುದು ಮನುಷ್ಯರಿಗೆ. ಐವತ್ತು, ಅರವತ್ತರ ದಶಕದಲ್ಲಿ ಅಲ್ಲಿ ಕಲಿತವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಅವರ ಮನೆಗೆ ಹೋಗಿ, ಒಂದು ಗಂಟೆ ಕೂತು, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಶಬ್ದಗ್ರಹಣ ಕಲಿಸಿದ ಶಾಲೆಯ ನೆನಪಿನಲ್ಲಿ ಒಂದು ದನಿಯೂ ಉಳಿಯದಿದ್ದರೆ ಹೇಗೆ?

ಯಾವ ಕೊಠಡಿ ಯಾವುದಾಗಿತ್ತು ಅಂತ ಹಳೆಯ ನಕ್ಷೆ ನೋಡಿ, ಹಳಬರನ್ನು ಕರೆಸಿ ಗುರುತಿಸಿ. ನಿಂತ ಜಾಗಕ್ಕೆ ಒಂದು ಬೆಲೆ ಇದೆ. ಇಲ್ಲೇ ಅಂತ ಕಾಲಿಟ್ಟು ನಿಲ್ಲುವುದು ಬೇರೆ, ಎಲ್ಲೋ ಇತ್ತಂತೆ ಅನ್ನುವುದು ಬೇರೆ, ಅಲ್ವಾ?

ಸ್ಮಾರಕದಲ್ಲಿ ನಿಜ ಬರೆಯಬೇಕು, ಎಲ್ಲ ನಿಜ. ಈ ಮಾತಿಗೆ ನನ್ನ ಮನಸ್ಸಿನಲ್ಲಿರುವುದು ದೂರದ ಒಂದು ಶಾಲೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಅಂತ ಊರು. 1879ರಿಂದ 1918ರವರೆಗೆ ಅಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ಒಂದು ಇಂಡಸ್ಟ್ರಿಯಲ್ ಸ್ಕೂಲ್ ನಡೆಯಿತು. ಅರ್ಧ ದಿನ ಪಾಠ, ಅರ್ಧ ದಿನ ಕಸುಬು. ಗಂಡುಮಕ್ಕಳಿಗೆ ಕಮ್ಮಾರಿಕೆ, ತಗಡಿನ ಕೆಲಸ, ಚಪ್ಪಲಿ ಹೊಲಿಗೆ, ಮುದ್ರಣ. ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿಯುವುದು, ಒಗೆಯುವುದು. ಕೇಳಲು ನಮ್ಮ ಶಾಲೆಯ ಹಾಗೇ ಇದೆ. ಆದರೆ ಆ ಮಕ್ಕಳನ್ನು ಮನೆಯವರಿಂದ ದೂರ ಒಯ್ದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿಯ ಭಾಷೆ ಆಡದಂತೆ ಮಾಡಿದರು. ಎಷ್ಟೋ ಮಕ್ಕಳು ಅಲ್ಲೇ ಸತ್ತರು, ಅವರ ಸಮಾಧಿಗಳು ಅಲ್ಲಿವೆ. ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂಬ, ಲಕೋಟ ಅನ್ನುವ ಮೂಲನಿವಾಸಿ ಜನಾಂಗದ ಹುಡುಗನಿಗೆ ತಗಡಿನ ಕೆಲಸ ಕಲಿಸಿದರು. ಅವನು ಮಾಡಿದ ಲೋಟ, ಬಕೀಟುಗಳು ಮೂಲನಿವಾಸಿಗಳ ಊರುಗಳಿಗೇ ಹೋಗುತ್ತಿದ್ದವು. ಕಲಿತು ಊರಿಗೆ ಮರಳಿದರೆ ಆ ಕಸುಬಿಗೆ ಅಲ್ಲಿ ಕೆಲಸವೇ ಇಲ್ಲ, ಶಾಲೆಯಲ್ಲಿ ಮಾಡಿದ ಸಾಮಾನು ಆಗಲೇ ಎಲ್ಲರ ಮನೆಯಲ್ಲಿ ಇತ್ತು. 2024ರ ಡಿಸೆಂಬರ್‌ನಲ್ಲಿ ಆ ಜಾಗವನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿತು. ಹೆಮ್ಮೆಗೆ ಅಲ್ಲ, ಅಲ್ಲಿ ಏನು ಮಾಡಿದೆವು ಅನ್ನುವುದನ್ನು ಮರೆಯದೆ ಇರುವುದಕ್ಕೆ.

ಬೆಂಗಳೂರಿನ ಈ ಶಾಲೆಯನ್ನು ಅದಕ್ಕೆ ಹೋಲಿಸುತ್ತಿಲ್ಲ. ಇಲ್ಲಿ ಹುಡುಗರು ತಾವೇ ಬಯಸಿ ಬಂದರು. ಆದರೆ ಕಸುಬಿನ ಜೊತೆ ನಮ್ಮಲ್ಲೂ ಒಂದು ಹಳೆಯ ನೋವು ಹೆಣೆದುಕೊಂಡಿದೆ. ಉಳಿ ಹಿಡಿಯುವ ಕೈ ಯಾವ ಜಾತಿಯದು, ಚರ್ಮ ಹದ ಮಾಡುವ ಕೈ ಯಾವ ಜಾತಿಯದು ಅಂತ ಹುಟ್ಟುವ ಮೊದಲೇ ಬರೆದಿಟ್ಟ ನಾಡು ಇದು. ಕಸುಬಿನ ಶಾಲೆಗಳು ಆ ಕಟ್ಟನ್ನು ಸ್ವಲ್ಪ ಸಡಿಲಿಸಿದವು. ನಮ್ಮ ಮನೆತನದಲ್ಲಿ ಕಬ್ಬಿಣ ಮುಟ್ಟಿದವನು ನಾನೇ ಮೊದಲು. ನನ್ನ ಪಕ್ಕದ ವೈಸ್‌ನಲ್ಲಿದ್ದ ಗೆಳೆಯನ ಅಪ್ಪ ಕೂಲಿ, ಎದುರಿನವನ ಅಪ್ಪ ಪೂಜಾರಿ. ಮೂವರ ಅಂಗೈಯಲ್ಲೂ ಒಂದೇ ಬೊಬ್ಬೆ. ಇದು ಸಣ್ಣ ವಿಷಯ ಅಲ್ಲ. ಹಾಗಂತ ಬಾಗಿಲು ಎಲ್ಲರಿಗೂ ಒಂದೇ ದಿನ ತೆರೆಯಿತು ಅಂತಲೂ ಬರೆಯಬೇಡಿ. ಯಾವ ಹಳ್ಳಿಯಿಂದ, ಯಾವ ಮನೆಗಳಿಂದ ಮಕ್ಕಳು ಬಂದರು, ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಅದನ್ನು ರಿಜಿಸ್ಟರ್ ನೋಡಿ ಹಾಗೇ ಬರೆಯಿರಿ. ಯಾರು ಬರಲಾಗಲಿಲ್ಲ ಅನ್ನುವುದೂ ಅದೇ ಪುಟಗಳಲ್ಲಿ ಕಾಣುತ್ತದೆ.

ಇನ್ನು ಸ್ಮಾರಕದ ರೂಪ. ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಆದರೂ ಹೇಳುತ್ತೇನೆ. ಹೊರಗಿನ ಯಾರಿಗೋ ಗುತ್ತಿಗೆ ಕೊಟ್ಟು ಒಂದು ಮಂಟಪ ತರಿಸಬೇಡಿ. ಅಲ್ಲಿ ಈಗ ಓದುತ್ತಿರುವ ಮಕ್ಕಳೇ ಮಾಡಲಿ. ಅಳತೆ ತೆಗೆಯಲಿ, ನಕ್ಷೆ ಬರೆಯಲಿ, ವೆಲ್ಡಿಂಗ್ ಮಾಡಲಿ, ಗಾರೆ ಹಾಕಲಿ. ಒಂದು ಕಡೆ ಸ್ವಲ್ಪ ವಾಲಿದರೆ ಮೇಷ್ಟ್ರು ತಿದ್ದಿಸುತ್ತಾರೆ, ಆ ತಿದ್ದಿದ ಗುರುತೂ ಇರಲಿ.

ಒಂದು ಇಟ್ಟಿಗೆ ಗೋಡೆ ಸಾಕು. ಒಬ್ಬ ಮನುಷ್ಯನಿಗಿಂತ ಸ್ವಲ್ಪ ಎತ್ತರ. ಅದರಲ್ಲಿ ಒಂದು ತೂತು, ಮೇಲೊಂದು ಕನ್ನಡಿ, ಕೆಳಗೊಂದು ಕನ್ನಡಿ. ಬಿಸಿಲು ಬಿದ್ದಾಗ ಅದು ಒಳಗೆ ತಿರುಗಿ, ಗೋಡೆಯ ನೆರಳಿನ ಕಡೆ, ನೆಲದ ಮೇಲೆ ಬೀಳಬೇಕು. ಸೂರ್ಯ ದಿನವೂ ಒಂದೇ ಕಡೆ ಇರುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ಇಳಿಯುತ್ತಾನೆ. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಬರುತ್ತಾನೆ, ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸರಿಯಾಗಿ ನಡುನೆತ್ತಿಗೆ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆದ್ದರಿಂದ ಕನ್ನಡಿಯನ್ನು ಆಗಾಗ ತಿರುಗಿಸಬೇಕಾಗುತ್ತದೆ. ಅದು ತೊಂದರೆ ಅಂತ ನಿಮಗೆ ಯಾರಾದರೂ ಹೇಳಬಹುದು. ನನಗೆ ಅದೇ ಬೇಕು. ಪ್ರತಿ ತಿಂಗಳು ಒಂದು ತರಗತಿಯ ಮಕ್ಕಳು ಬಂದು, ಸ್ಕ್ರೂ ಸಡಿಲಿಸಿ, ಕೋನ ಅಳೆದು, ಮತ್ತೆ ಬಿಗಿ ಮಾಡಲಿ. ಕನ್ನಡಿಯ ಧೂಳು ಒರೆಸಲಿ. ಹಾಗೆ ಕೈ ತಾಗುತ್ತಾ ಇದ್ದರೆ ಆ ಗೋಡೆ ಪಾಳು ಬೀಳುವುದಿಲ್ಲ.

ಗೋಡೆಯ ಮೇಲೆ ಅಕ್ಷರ ಕನ್ನಡದಲ್ಲಿ ಇರಲಿ, ನಿಂತು ಓದುವಷ್ಟು ದೊಡ್ಡದಾಗಿ. ಕಣ್ಣು ಕಾಣದವರು ಬೆರಳಲ್ಲಿ ಓದಲು ಬ್ರೈಲ್ ಪಟ್ಟಿಯೂ ಇರಲಿ. 1943 ಅಂತ ಬರೆಯಿರಿ. ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅನ್ನುವ ಹಳೆಯ ಹೆಸರು ಬರೆಯಿರಿ. ಭದ್ರಾವತಿಯ ಹಣದ ಕತೆ ಎರಡು ಸಾಲಿನಲ್ಲಿ ಬರೆಯಿರಿ. ಅಲ್ಲಿ ಕಲಿಸುತ್ತಿದ್ದ ಪ್ರತಿ ಕಸುಬಿನ ಹೆಸರು ಬರೆಯಿರಿ, ಒಂದನ್ನೂ ಬಿಡದೆ. ಬೇಲಿ ಹಾಕಬೇಡಿ. ಮಕ್ಕಳು ಮುಟ್ಟಲಿ.

ಖರ್ಚಿನ ಮಾತು ಬಂದೇ ಬರುತ್ತದೆ. ಇಟ್ಟಿಗೆ, ಎರಡು ಕನ್ನಡಿ, ಒಂದಿಷ್ಟು ಕಬ್ಬಿಣ. ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಒಂದೊಂದು ಇಟ್ಟಿಗೆ ಅವರೇ ಹೊತ್ತು ತರುತ್ತಾರೆ. ನಾನು ಹಳೆಯ ವಿದ್ಯಾರ್ಥಿ ಅಲ್ಲದಿದ್ದರೂ ತರುತ್ತೇನೆ.

ಹೆಸರಘಟ್ಟದವರನ್ನೂ ಕರೆಯಿರಿ. ಈಗ ಅಲ್ಲಿ ಕ್ಯಾಮೆರಾ ಕಲಿಯುತ್ತಿರುವ ಮಕ್ಕಳು ಒಂದು ದಿನ ಬಸ್ಸಿನಲ್ಲಿ ಬಂದು, ತಮ್ಮ ವಿಭಾಗ ಹುಟ್ಟಿದ ಜಾಗವನ್ನು ನೋಡಲಿ. ಅವರ ಕೈಯಲ್ಲಿ ಇರುವ ಕ್ಯಾಮೆರಾ ಬೆಳಕನ್ನು ತಾನೇ ಅಳೆದುಬಿಡುತ್ತದೆ. ಆದರೆ ಕನ್ನಡಿ ತಿರುಗಿಸಿ ಬಿಸಿಲನ್ನು ಬೇಕಾದ ಕಡೆ ಇಳಿಸುವುದು ಹೇಗೆ ಅಂತ ಅವರೂ ಒಮ್ಮೆ ಕೈಯಾರೆ ಮಾಡಿ ನೋಡಲಿ.

ನನ್ನ ಮೇಷ್ಟ್ರು ನಿವೃತ್ತಿಯಾದ ದಿನ ತಮ್ಮ ಟ್ರೈಸ್ಕ್ವೇರ್ ಅನ್ನು ನನಗೆ ಕೊಟ್ಟರು. ಆರು ಇಂಚಿನದು, ಮರದ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಈಗಲೂ ಮೂಲೆ ನೇರ ಇದೆ. ನೀವು ಆ ಗೋಡೆ ಎತ್ತುವ ದಿನ ಒಂದು ಮಾತು ತಿಳಿಸಿ. ಅದನ್ನು ತೆಗೆದುಕೊಂಡು ಬರುತ್ತೇನೆ. ಕನ್ನಡಿಯ ಚೌಕಟ್ಟಿನ ನಾಲ್ಕು ಮೂಲೆಗಳನ್ನು ನಿಮ್ಮ ಮಕ್ಕಳ ಕೈಯಲ್ಲೇ ಬೆಳಕಿಗೆ ಹಿಡಿಸಿ ನೋಡೋಣ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್